ಸಿರುಗುಪ್ಪಕ್ಕೆ ಕೊಟ್ಟ ಕೀಪರ್

ನಾನು ಹತ್ತಿರದಲ್ಲಿ ಕೂತಿದ್ದರೆ ನಮ್ಮ ಮನೆಯ ಊಟದ ಮೇಜಿನಿಂದ ಯಾವ ಲೋಟವೂ ನೆಲಕ್ಕೆ ಬಿದ್ದು ಸದ್ದು ಮಾಡುವುದಿಲ್ಲ. ಮೊನ್ನೆಯೂ ಹಾಗೇ ಆಯಿತು. ಮೊಮ್ಮಗಳ ಮೊಣಕೈ ತಗುಲಿ ಸ್ಟೀಲ್ ಲೋಟ ಅಂಚಿನಿಂದ ಜಾರಿತು. ನಾನಿನ್ನೂ ಪೇಪರಿನಿಂದ ಕಣ್ಣೆತ್ತಿರಲಿಲ್ಲ. ಕೈ ತಾನಾಗಿಯೇ ಕೆಳಗೆ ಹೋಗಿ ಲೋಟ ಹಿಡಿದಿತ್ತು. ಅದರೊಳಗಿದ್ದ ಮಜ್ಜಿಗೆ ಮಾತ್ರ ಪೂರ್ತಿ ನನ್ನ ಪಂಚೆಯ ಮೇಲಿತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಿಡಿಯೋದೊಂದು ಬರ್ತದ ನಿಮ್ಮ ಅಜ್ಜಗ. ಹೊಡಿ ಅಂದ್ರ ಒಂದು ಸೊಳ್ಳಿ ಹೊಡಿಯೋದು ಬರಂಗಿಲ್ಲ" ಎಂದಳು.

ಮಾತು ಸುಳ್ಳಲ್ಲ. ಈಗ ಸೊಳ್ಳೆ ಹೊಡೆಯುವ ಕರೆಂಟಿನ ಬ್ಯಾಟು ಬಂದಿದೆಯಲ್ಲ, ಅದನ್ನು ಹಿಡಿದು ನಾನು ಮಂಚದ ಮೇಲೆ ನಿಂತರೆ ಸೊಳ್ಳೆಗಳು ಓಡಿಹೋಗುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಬೀಸಿದ ಬೀಸಿಗೆ ಗೋಡೆಯ ಕ್ಯಾಲೆಂಡರ್ ಬಿತ್ತು. ಬೀಳುತ್ತಿದ್ದ ಕ್ಯಾಲೆಂಡರನ್ನು ಎಡಗೈಯಲ್ಲಿ ಚೆನ್ನಾಗಿಯೇ ಹಿಡಿದೆ ಅನ್ನಿ. ಆದರೆ ನಮ್ಮ ಮನೆಯಲ್ಲಿ ಅಂಥದ್ದಕ್ಕೆ ಬೆಲೆಯಿಲ್ಲ.

ಈ ಹಿಡಿಯುವವನು ಹೆಚ್ಚೋ ಹೊಡೆಯುವವನು ಹೆಚ್ಚೋ ಎಂಬ ತಕರಾರು ನನ್ನ ಹೆಂಡತಿ ಹುಟ್ಟುಹಾಕಿದ್ದಲ್ಲ. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಮಿರ್ಚಿ ಅಂಗಡಿಯ ಮುಂದೆ ಇದು ದಿನಾ ಸಂಜೆ ಕಾವೇರುತ್ತಿತ್ತು. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಮೇಲೆ ಅರ್ಧ ಕಪ್ ಚಹಾ, ಇಷ್ಟರ ಬಲದಲ್ಲಿ ನಾವು ಕಾಲೇಜು ಹುಡುಗರು ಇಡೀ ಊರಿನ ಕ್ರಿಕೆಟ್ಟನ್ನು ನಡೆಸುತ್ತಿದ್ದೆವು. ಚರ್ಚೆಯ ವಿಷಯ ನಾನೇ ಆಗಿದ್ದರಿಂದ ನನಗೆ ಮಾತಾಡುವ ಅವಕಾಶ ಇರಲಿಲ್ಲ.

ಅದಕ್ಕೂ ಮೊದಲು ನಾನು ಹಿಡಿಯುವುದನ್ನು ಹೇಗೆ ಕಲಿತೆ ಎಂದು ಹೇಳಬೇಕು. ನಮ್ಮ ಮನೆ ಕಂಟೋನ್ಮೆಂಟಿನಲ್ಲಿತ್ತು. ಅಲ್ಲಿ ಆಗ ಇನ್ನೂ ಹಳೆಯ ಬಂಗಲೆಗಳಿದ್ದವು, ಅವುಗಳ ಕಾಂಪೌಂಡಿನಲ್ಲಿ ಜಾಮಕಾಯಿ ಗಿಡಗಳಿದ್ದವು, ಗಿಡದ ಕೆಳಗೆ ಆರಾಮ ಕುರ್ಚಿ ಹಾಕಿಕೊಂಡು ಮಧ್ಯಾಹ್ನ ನಿದ್ದೆ ಮಾಡುವ ನಿವೃತ್ತ ಸಾಹೇಬರಿದ್ದರು. ನೀವು ಸೀಬೆ ಅನ್ನುವ ಹಣ್ಣನ್ನು ನಾವು ತೆಲುಗರಿಂದ ಹೆಸರು ತಂದು ಜಾಮಕಾಯಿ ಅನ್ನುತ್ತೇವೆ. ಧೈರ್ಯಸ್ಥರು ಗಿಡ ಹತ್ತಿ ಕಾಯಿ ಕಿತ್ತು ಎಸೆಯುತ್ತಿದ್ದರು. ಕೆಳಗೆ ನಿಂತು ಅದು ನೆಲಕ್ಕೆ ಬೀಳದಂತೆ, ಸಾಹೇಬರಿಗೆ ಎಚ್ಚರವಾಗದಂತೆ ಹಿಡಿಯುವುದು ನನ್ನ ಪಾಲಿನ ಕೆಲಸ. ಕೈ ಗಟ್ಟಿ ಇಟ್ಟರೆ ಪಟ್ ಎಂದು ಸದ್ದಾಗುತ್ತದೆ. ಕಾಯಿ ಬರುವ ಜೊತೆಗೇ ಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ಮುಂದೆ ಕೋಚುಗಳು ಇದನ್ನೇ ದೊಡ್ಡ ವಿದ್ಯೆ ಎಂಬಂತೆ ಹೇಳಿಕೊಡುವುದನ್ನು ನೋಡಿ ನನಗೆ ನಗು ಬಂದಿತ್ತು. ಹಂಚಿಕೆಯಲ್ಲಿ ಗಿಡ ಹತ್ತಿದವರಿಗೆ ಎರಡು ಕಾಯಿ, ಹಿಡಿದವನಿಗೆ ಒಂದು. ಅನ್ಯಾಯ ಅಲ್ಲಿಂದಲೇ ಶುರುವಾಗಿತ್ತು.

ಕಾಲೇಜಿಗೆ ಬರುವ ಹೊತ್ತಿಗೆ ನಾನು ನಮ್ಮ ತಂಡದ ವಿಕೆಟ್ ಕೀಪರ್ ಆಗಿದ್ದೆ. ಕೀಪಿಂಗ್ ಗ್ಲೌಸು ತೊಗಲಿನದು. ಅದು ನಮ್ಮ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮಡಿಯ ವಿಷಯದಲ್ಲಿ ನಮ್ಮಮ್ಮ ಯಾವ ಅಂಪೈರಿಗೂ ಜಗ್ಗುವವಳಲ್ಲ. ಬಚ್ಚಲಮನೆಯ ಹೊರಗೋಡೆಗೆ ಒಂದು ಮೊಳೆ ಹೊಡೆಸಿ, "ಆ ತೊಗಲು ಇಲ್ಲೇ ಇರಲಿ. ನೀ ಕೈಕಾಲು ತೊಳ್ಕೊಂಡು ಒಳಗ ಬಾ" ಎಂದಿದ್ದಳು. ಬಿಸಿಲು ಮಳೆಗೆ ಒಣಗಿ ನೆನೆದು ಗ್ಲೌಸು ಹಪ್ಪಳದಂತಾಗಿತ್ತು. ಒಳಗಿನ ಮೆತ್ತೆಯೂ ಸವೆದುಹೋಗಿತ್ತು. ಯಾರೋ ಬಂದು, ಇಂಗ್ಲೆಂಡಿನ ಕೀಪರುಗಳು ಗ್ಲೌಸಿನೊಳಗೆ ಹಸಿ ಮಾಂಸದ ತುಂಡು ಇಟ್ಟುಕೊಳ್ಳುತ್ತಾರಂತೆ, ಬೆರಳಿಗೆ ಏಟು ತಗಲುವುದಿಲ್ಲವಂತೆ ಎಂದರು. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ಮಾಡಲಿಲ್ಲ. ನನ್ನ ದಿಂಬಿನ ಹತ್ತಿಯನ್ನೇ ಸ್ವಲ್ಪ ಸ್ವಲ್ಪ ಕಿತ್ತು ತುಂಬಿಕೊಂಡೆ. ಆಟದ ದಿನಗಳು ಮುಗಿಯುವ ಹೊತ್ತಿಗೆ ದಿಂಬು ಬರೀ ಚೀಲವಾಗಿ, ನಾನು ಪುಸ್ತಕಗಳ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಹುಡುಗ ಭಾಳ ಓದ್ತಾನೆ ಎಂದು ಅಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

ನಾನು ಕೀಪಿಂಗ್ ಚೆನ್ನಾಗಿ ಮಾಡುತ್ತಿದ್ದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಮುಂದಿನ ಮಾತನ್ನೂ ಹೇಳುವವನಿದ್ದೇನೆ: ನನಗೆ ಬ್ಯಾಟಿಂಗ್ ಎಳ್ಳಷ್ಟೂ ಬರುತ್ತಿರಲಿಲ್ಲ. ನಾನು ಹನ್ನೊಂದನೆಯವನಾಗಿ ಬ್ಯಾಟು ಹಿಡಿದು ಹೊರಟರೆ ನಮ್ಮವರು ಸ್ಟಂಪು, ಪಿಚ್ಚಿನ ಚಾಪೆ ಸುತ್ತಿಡಲು ಎದ್ದು ನಿಲ್ಲುತ್ತಿದ್ದರು.

ನಮ್ಮ ಕ್ಯಾಪ್ಟನ್ ಪಂಪಾಪತಿ ಬ್ರೂಸ್‌ಪೇಟೆಯ ಬೇಳೆಕಾಳು ವ್ಯಾಪಾರಿಯ ಮಗ. ಆಟಗಾರರನ್ನೂ ಕಡಲೆಬೇಳೆಯಂತೆ ಅಂಗೈ ಮೇಲೆ ಹಾಕಿಕೊಂಡು ನೋಡುತ್ತಿದ್ದ. ಆ ವರ್ಷ ನಮ್ಮ ಕಾಲೇಜಿಗೆ ಕುರುಗೋಡಿನಿಂದ ಎರ್ರಿಸ್ವಾಮಿ ಬಂದ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ರೈತರ ಮನೆಯ ಹುಡುಗ. ಬ್ಯಾಟು ಬೀಸಿದರೆ ಚೆಂಡು ಮೈದಾನದಾಚೆಯ ಜಾಲಿ ಗಿಡಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಿ ನಿಂತರೂ ಓಡಲಾರ, ಬಗ್ಗಲಾರ. ಕೇಳಿದರೆ, ಊರಲ್ಲಿ ತಾನು ಕೀಪರ್ ಎಂದ. ಕೀಪರ್ ಆದವನು ಓಡಬೇಕಿಲ್ಲವಲ್ಲ ಎಂಬುದು ಅವನ ಹಿಶೇಬು.

ಪಂಪಾಪತಿಗೆ ಅಷ್ಟು ಸಾಕಾಯಿತು. ಮಿರ್ಚಿ ಅಂಗಡಿಯ ಮುಂದೆ ಎಲ್ಲರೆದುರು ನನ್ನ ಕಡೆ ಬೆರಳು ತೋರಿಸಿ ಕೇಳಿದ: "ಎರ್ರಿಸ್ವಾಮಿ ಕೀಪಿಂಗ್ ಮಾಡಿದ್ರ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗಿ ಸಿಗ್ತಾನ. ರಾಘು ಮಾಡಿದ್ರ ನಮಗೇನು ಸಿಗ್ತೈತಿ?"

"ಕ್ಯಾಚು ಸಿಗ್ತಾವ" ಎಂದ ಯಾವನೋ ಪುಣ್ಯಾತ್ಮ.

"ದಿನಕ್ಕ ಎಷ್ಟು ಕ್ಯಾಚು ಬರ್ತಾವಲೇ? ಹೊಡಿಯೋದು ಕಣ್ಣಿಗಿ ಕಾಣತೈತಿ. ಇವ ಹಿಂದ ಕುಂತು ಏನು ಮಾಡ್ತಾನ ಅನ್ನೋದು ಯಾರಿಗಿ ಕಾಣತೈತಿ?"

ಇದು ಕೀಪರನ ಹಣೆಬರಹ. ಬ್ಯಾಟ್ಸ್‌ಮನ್ ಒಂದು ಹೊಡೆದರೆ ಊರೇ ನೋಡುತ್ತದೆ. ಕೀಪರ್ ದಿನವಿಡೀ ಹಿಡಿಯುತ್ತಲೇ ಇದ್ದರೆ ಅವನು ಅಲ್ಲಿದ್ದಾನೆಂಬುದನ್ನೇ ಜನ ಮರೆಯುತ್ತಾರೆ. ಒಂದು ಬಿಟ್ಟಾಗ ಮಾತ್ರ ಎಲ್ಲರೂ ಹೌಹಾರಿ ಅವನತ್ತ ತಿರುಗುತ್ತಾರೆ. ಅಡುಗೆ ಮಾಡುವವರಿಗೆ ಇದು ಗೊತ್ತು. ಉಪ್ಪು ಸರಿಯಿದ್ದ ದಿನ ಯಾರೂ ಉಪ್ಪಿನ ಮಾತೆತ್ತುವುದಿಲ್ಲ. ಈ ವಾದವನ್ನು ನಾನು ಆಗಲೇ ಹೇಳಬೇಕಿತ್ತು, ಆದರೆ ಬಾಯಿ ತುಂಬ ಮಿರ್ಚಿ ಇತ್ತು. ನುಂಗುವಷ್ಟರಲ್ಲಿ ನಾನು ಹನ್ನೆರಡನೆಯವನಾಗಿದ್ದೆ. ಸಿರುಗುಪ್ಪದ ಪಂದ್ಯಕ್ಕೆ ಕೀಪರ್ ಎರ್ರಿಸ್ವಾಮಿ. ನಾನು ನೀರು ಕೊಡುವ, ಚಾಪೆ ಹೊರುವ ಹೆಚ್ಚುವರಿ ಆಳು.

ಬೇರೆ ಯಾವ ಪಂದ್ಯವಾದರೂ ಸಹಿಸಿಕೊಳ್ಳುತ್ತಿದ್ದೆ. ಸಿರುಗುಪ್ಪದ ಪಂದ್ಯಕ್ಕೆ ಮಾತ್ರ ನಮ್ಮಪ್ಪ ಬರುವವನಿದ್ದ.

ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಬಳ್ಳಾರಿಯಲ್ಲಿ ಅವನ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದೆ ದೊಡ್ಡವರಾದವರು ಕಡಿಮೆ. ಪಂಪಾಪತಿಯ ಕಿವಿ ಸ್ವಲ್ಪ ಉದ್ದವಿರಲು ಅದೇ ಕಾರಣ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅಪ್ಪನಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಅದರಲ್ಲೂ ನಾನು ಮಾಡುವ ಕೆಲಸ ಅರ್ಥವೇ ಆಗಿರಲಿಲ್ಲ. ಒಮ್ಮೆ ವಿವರಿಸಲು ಹೋದೆ. ಪೂರ್ತಿ ಕೇಳಿ, "ಅಂದ್ರ ಹೊಡಿಯೋನಿಗೆ ತಪ್ಪಿದ್ದು ನಿನಗ ಬರ್ತದ. ಮಂದಿ ಉಂಡೆದ್ದ ಮ್ಯಾಲೆ ಎಲಿ ತೆಗಿಯೋ ಕೆಲಸ ನಿಂದು" ಎಂದ. ಆ ವರ್ಷ ನನ್ನ ಮಾರ್ಕ್ಸು ಸ್ವಲ್ಪ ಇಳಿದಿದ್ದವು. ಆಟ ಬಿಡಿಸಬೇಕೆಂದು ನಿರ್ಧರಿಸಿದ್ದ. ಅಮ್ಮ ನಡುವೆ ಬಂದು ಹೇಳಿದ ಮೇಲೆ ಒಂದು ಮಾತಿಗೆ ಒಪ್ಪಿದ: ಸಿರುಗುಪ್ಪದಲ್ಲಿ ತಂಗಿಯ ಮನೆಗೆ ಹೋಗುವುದು ಹೇಗೂ ಇದೆ, ಅಲ್ಲಿನ ಪಂದ್ಯವನ್ನು ಕಣ್ಣಾರೆ ನೋಡುತ್ತೇನೆ, ಮಾಡುವಂಥ ಕೆಲಸ ಅನ್ನಿಸಿದರೆ ಆಡು, ಇಲ್ಲದಿದ್ದರೆ ಆ ಗ್ಲೌಸು ಯಾರಿಗಾದರೂ ಕೊಟ್ಟುಬಿಡು. ಅಪ್ಪನ ಮಾತೆಂದರೆ ಮಾತು. ಅವನು ನೋಡಬೇಕಾದ ದಿನವೇ ನಾನು ನೀರಿನ ಕೊಡದ ಪಕ್ಕ ಕೂತಿರುವವನಿದ್ದೆ.

ಸಿರುಗುಪ್ಪದ ಮೈದಾನ ಒಂದು ಅಕ್ಕಿ ಗಿರಣಿಯ ಹಿಂದಿತ್ತು. ಒಂದು ಕಡೆ ಬೌಂಡರಿ ಎಂದರೆ ಭತ್ತದ ಹೊಟ್ಟಿನ ರಾಶಿ. ಗಾಳಿ ಬಂದರೆ ಎರಡೂ ತಂಡದವರು ಸೀನುತ್ತ ನಿಲ್ಲಬೇಕು. ಅಪ್ಪ ಆಗಲೇ ಅತ್ತೆಯ ಗಂಡನ ಜೊತೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಅತ್ತೆ ಕಳಿಸಿದ ಕಾಫಿಯ ಕೂಜಾ. ನನ್ನನ್ನು ನೋಡಿ ಕೈ ಎತ್ತಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅವನು ಯಾರ ಪರಿಚಯವನ್ನೂ ತೋರಿಸುವವನಲ್ಲ.

ಅಷ್ಟರಲ್ಲಿ ಸಿರುಗುಪ್ಪದ ಕ್ಯಾಪ್ಟನ್ ಖಾಜಾ ಓಡುತ್ತ ಬಂದ. ಅವನು ಸ್ಪಿನ್ ಬೌಲರ್, ತೆಳ್ಳಗಿನ ಆಳು. "ಪಂಪಣ್ಣ, ಮುಷ್ಕಿಲ್ ಆಗೈತಿ. ರಾತ್ರಿ ಕಾಲುವಿಗಿ ನೀರು ಬಿಟ್ಟಾರ. ನಮ್ಮ ಕೀಪರ್‌ದು ಇವತ್ತ ಪಾಳಿ. ಗದ್ದಿಗಿ ನೀರು ಹಾಯಸಾಕ ಹೋಗ್ಯಾನ. ಒಬ್ಬನ್ನ ಕೊಡಬೇಕಲ್ಲ" ಎಂದ.

ಇದು ನಮ್ಮ ಕಡೆಯ ಪದ್ಧತಿ. ಕಾಲುವೆಯ ನೀರಿಗೆ ಪಾಳಿ ಬಂದರೆ ಮದುವೆಯ ಮನೆಯಿಂದಲೂ ಎದ್ದು ಹೋಗುತ್ತಾರೆ, ಆಟ ಯಾವ ಲೆಕ್ಕ? ಹೀಗೆ ಆತಿಥ್ಯ ಮಾಡುವ ಊರಿನವರಿಗೆ ಒಬ್ಬ ಆಟಗಾರ ಕಡಿಮೆ ಬಿದ್ದರೆ ಬಂದ ತಂಡ ತನ್ನ ಹೆಚ್ಚುವರಿ ಆಳನ್ನು ಆ ದಿನಕ್ಕೆ ಎರವಲು ಕೊಡಬೇಕು. ಎರವಲು ಹೋದವನು ಅನ್ನ ಉಂಡ ಕಡೆಗೇ ದುಡಿಯಬೇಕು. ಮೋಸ ಮಾಡಿದನೆಂದು ಯಾರೂ ಅನುಮಾನ ಪಡುತ್ತಲೂ ಇರಲಿಲ್ಲ.

ಪಂಪಾಪತಿ ಒಂದು ಕ್ಷಣವೂ ಯೋಚಿಸಲಿಲ್ಲ. ಅವನ ಮುಖದಲ್ಲಿ ಹಳೇ ದಾಸ್ತಾನು ಸಾಗಿಹೋದ ಸಂತೋಷ ಕಂಡಿತು. "ರಾಘೂನ್ನ ತಗೊಂಡು ಹೋಗು" ಎಂದು ನನ್ನ ಬೆನ್ನು ತಟ್ಟಿದ. ಆಮೇಲೆ ನಮ್ಮವರ ಕಡೆ ತಿರುಗಿ, "ಬ್ಯಾಟಿಂಗ್ ಬರಲಾರದವನ್ನ ಕೊಟ್ಟೀನಿ. ನಮಗಾ ಫಾಯದೆ" ಎಂದದ್ದು ನನಗೂ ಕೇಳಿಸಿತು.

ಹೀಗೆ ನಾನು ಸಿರುಗುಪ್ಪದವನಾಗಿ, ಬಳ್ಳಾರಿಯ ವಿರುದ್ಧ ಸ್ಟಂಪುಗಳ ಹಿಂದೆ ಕೂತೆ. ಮೊದಲು ಬ್ಯಾಟು ಹಿಡಿದವರು ನಮ್ಮವರೇ, ಅಂದರೆ ಆ ದಿನದ ಮಟ್ಟಿಗೆ ಎದುರಾಳಿಗಳು. ಎರ್ರಿಸ್ವಾಮಿ ಬಂದವನೇ ಚೆಂಡನ್ನು ಹೊಟ್ಟಿನ ರಾಶಿಯೊಳಗೆ ಕಳಿಸಿದ. ಸಿರುಗುಪ್ಪದ ಹುಡುಗರು ಮೊಣಕೈ ತನಕ ಕೈ ಹಾಕಿ ಹುಡುಕಿ ತಂದರು. ಇನ್ನೊಮ್ಮೆ ಕಳಿಸಿದ. ಇನ್ನೊಮ್ಮೆ ಹುಡುಕಿದರು. ಜನರಿಗೆ ಆಟಕ್ಕಿಂತ ಹುಡುಕಾಟವೇ ಮಜಾ ಅನ್ನಿಸತೊಡಗಿತು. ನಾನು ನಡುನಡುವೆ ಬೇವಿನ ಮರದ ಕಡೆ ನೋಡುತ್ತಿದ್ದೆ. ಅಪ್ಪ ಕತ್ತೆತ್ತಿ ಹೊಟ್ಟಿನ ರಾಶಿಯನ್ನೇ ನೋಡುತ್ತಿದ್ದ. ಅವನಿಗೂ ಹೊಡೆಯುವವನೇ ಕಾಣುತ್ತಿದ್ದಾನೆ ಎಂದು ಹೊಟ್ಟೆ ಉರಿಯಿತು.

ಖಾಜಾ ಬೌಲಿಂಗಿಗೆ ಬಂದ. ಅವನ ಚೆಂಡು ಚಾಪೆಯ ಮೇಲೆ ಬಿದ್ದು ಯಾವ ಕಡೆ ತಿರುಗುತ್ತದೆಂದು ಅವನಿಗೇ ತಿಳಿಯುತ್ತಿರಲಿಲ್ಲ. ನಾನು ಸ್ಟಂಪಿಗೆ ಅಂಟಿಕೊಂಡು ಕೂತೆ. ಎರ್ರಿಸ್ವಾಮಿ ಒಂದು ಚೆಂಡಿಗೆ ಕ್ರೀಸು ಬಿಟ್ಟು ಮುಂದೆ ಹೆಜ್ಜೆ ಹಾಕಿ ಬೀಸಿದ. ಚೆಂಡು ಬ್ಯಾಟಿಗೆ ಸಿಗದೆ ಹೊರಳಿ, ಕಾಲ ಬಳಿ ತಗ್ಗಾಗಿ ಬಂತು. ಯೋಚನೆ ಮಾಡಲು ಸಮಯವಿರಲಿಲ್ಲ. ಇವನು ನಮ್ಮವನು, ಇವನು ಉಳಿದರೆ ನಮ್ಮೂರು ಗೆಲ್ಲುತ್ತದೆ ಎಂಬುದೆಲ್ಲ ಆಮೇಲೆ ಹೊಳೆದದ್ದು. ಕೈ ಚೆಂಡು ಹಿಡಿದು ಬೇಲ್ಸ್ ಹಾರಿಸಿ ಆಗಿತ್ತು. ಸ್ಕ್ವೇರ್ ಲೆಗ್ಗಿನಲ್ಲಿ ಅಂಪೈರ್ ಆಗಿ ನಿಂತಿದ್ದ ಡ್ರಿಲ್ ಮೇಷ್ಟ್ರು ಬೆರಳು ಎತ್ತಿದರು. ಎರ್ರಿಸ್ವಾಮಿ ತಿರುಗಿ ಬಿದ್ದ ಬೇಲ್ಸ್ ನೋಡಿದ, ನನ್ನನ್ನು ನೋಡಿದ. "ಎಷ್ಟೊತ್ತಿಗಿ ಹಿಡದ್ಯಲೇ?" ಎಂದ. ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

ನನ್ನ ಜೀವಮಾನದ ಅತ್ಯುತ್ತಮ ಸ್ಟಂಪಿಂಗ್ ಅದು. ಬೆಳಗಿನಿಂದ ಕಾದದ್ದು ಇದಕ್ಕೇ ಎಂದು ಬೇವಿನ ಮರದ ಕಡೆ ತಿರುಗಿದೆ. ಅಪ್ಪ ಬಗ್ಗಿ ಕೂಜಾದಿಂದ ಲೋಟಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ತಲೆ ಎತ್ತುವ ಹೊತ್ತಿಗೆ ಎಲ್ಲ ಮುಗಿದು, ಎರ್ರಿಸ್ವಾಮಿ ನಡೆದು ಹೋಗುತ್ತಿದ್ದ. ಆ ಹುಡುಗ ಯಾಕೆ ಹೊರಟ ಎಂದು ಅಪ್ಪ ಅತ್ತೆಯ ಗಂಡನನ್ನು ಕೇಳುತ್ತಿರುವುದು ಕೈಯಾಡಿಸಿದ್ದರಿಂದಲೇ ತಿಳಿಯಿತು. ನನಗೆ ಅಳು ಬರುವುದೊಂದು ಬಾಕಿ.

ಊಟವಾದ ಮೇಲೆ ಸಿರುಗುಪ್ಪದವರ ಬ್ಯಾಟಿಂಗ್. ಸಣ್ಣ ಮೊತ್ತ, ಆದರೂ ಒಬ್ಬೊಬ್ಬರಾಗಿ ಬಿದ್ದರು. ಅತ್ತ ಎರ್ರಿಸ್ವಾಮಿ ಕೀಪಿಂಗ್ ಮಾಡುತ್ತಿದ್ದ ರೀತಿ ನೋಡಿ ನನ್ನ ಬೆರಳುಗಳು ತುರಿಸುತ್ತಿದ್ದವು. ಚೆಂಡು ಅವನ ಕೈಗೆ ಬಡಿದು ಒಂದು ಕಡೆ, ಕಾಲಿಗೆ ಬಡಿದು ಇನ್ನೊಂದು ಕಡೆ. ಸಿರುಗುಪ್ಪದವರಿಗೆ ಪುಗಸಟ್ಟೆ ರನ್ನುಗಳು ಬರುತ್ತಲೇ ಇದ್ದವು. ಹಾಗೂ ಹೀಗೂ ಗೆಲ್ಲಲು ಒಂದೇ ರನ್ನು ಬೇಕು ಎನ್ನುವಾಗ ಒಂದೇ ವಿಕೆಟ್ ಉಳಿದಿತ್ತು. ಆ ವಿಕೆಟ್ ನಾನು.

ಬೌಲರ್ ಪಂಪಾಪತಿ. ನಾನು ನಡೆದು ಬರುವುದನ್ನು ನೋಡಿ ಅವನು ನಕ್ಕ ನಗು ಇಂದಿಗೂ ಕಣ್ಣ ಮುಂದಿದೆ. ನಮ್ಮವರಲ್ಲಿ ಒಬ್ಬಿಬ್ಬರು ಅಭ್ಯಾಸಬಲದಿಂದ ಆಗಲೇ ಬಸ್ಸಿನ ವೇಳೆ ವಿಚಾರಿಸುತ್ತಿದ್ದರು. ಪಂಪಾಪತಿ ಓಡಿ ಬಂದು ಎಸೆದ. ನಾನು ಕಣ್ಣು ಮುಚ್ಚಿ ಜೋರಾಗಿ ಬೀಸಿದೆ. ಬ್ಯಾಟಿಗೆ ಏನೂ ತಗಲಲಿಲ್ಲ. ಸ್ಟಂಪು ಬಿದ್ದ ಸದ್ದೂ ಕೇಳಲಿಲ್ಲ. ಕಣ್ಣು ಬಿಟ್ಟು ಹಿಂದೆ ನೋಡಿದರೆ ಚೆಂಡು ಎರ್ರಿಸ್ವಾಮಿಯ ಎರಡು ಕಾಲುಗಳ ನಡುವಿನಿಂದ ಹೊರಟು ನೆಮ್ಮದಿಯಾಗಿ ಹೊಟ್ಟಿನ ರಾಶಿಯ ಕಡೆ ಹೋಗುತ್ತಿತ್ತು. ಆಚೆ ತುದಿಯಿಂದ ಖಾಜಾ "ದೌಡ್! ದೌಡ್!" ಎಂದು ಕಿರುಚಿದ. ಓಡಿದೆ. ಗೆದ್ದೆವು. ಗೆದ್ದೆವೋ ಸೋತೆವೋ, ನನಗೇ ತಿಳಿಯಲಿಲ್ಲ.

ಸಿರುಗುಪ್ಪದವರು ನನ್ನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. ಮೇಲಿನಿಂದ ನೋಡಿದರೆ ಅಪ್ಪ ಪಂಚೆಯ ಅಂಚು ಹಿಡಿದುಕೊಂಡು ಓಡಿ ಬರುತ್ತಿದ್ದಾನೆ! ಅಪ್ಪ ಓಡುವುದನ್ನು ನಾನು ಅದೇ ಮೊದಲು ನೋಡಿದ್ದು. "ಹೊಡದಿ ಬಿಡೋ ರಾಘೂ, ಹೊಡದಿ!" ಎಂದ. ಅವನ ಮುಖ ಅರಳಿತ್ತು. ನಾನು ಇಲ್ಲ ಇಲ್ಲ ಎಂದು ತಲೆಯಾಡಿಸಿದೆ. ಅದನ್ನು ಅವನು ವಿನಯ ಎಂದುಕೊಂಡ.

ಸಂಜೆ ಕುರುಗೋಡಿನ ಮೇಲೆ ಹಾದು ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಎಲ್ಲರೂ ಕೂತೆವು. ನಮ್ಮ ತಂಡದವರು ನನ್ನ ಕಡೆ ನೋಡುತ್ತಿರಲಿಲ್ಲ. ಪಂಪಾಪತಿ ಮುಂದಿನ ಸೀಟಿನಲ್ಲಿ, ಹಿಂದಕ್ಕೆ ತಿರುಗದೆ ಕೂತಿದ್ದ. ಅಪ್ಪ ನನ್ನ ಪಕ್ಕ. ತೆಕ್ಕಲಕೋಟೆ ದಾಟಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ.

"ನೀ ಆಡು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹಿಂದ ಕುಕ್ಕರಗಾಲಿನಾಗ ಕೂಡೋದು ಬಿಟ್ಟುಬಿಡು. ಮುಂದ ನಿಂತು ಹೊಡಿ. ಅದ ನಿನಗ ಛಲೋ ಬರ್ತದ."

ಆಡಲು ಒಪ್ಪಿಗೆ ಸಿಕ್ಕಿತ್ತು, ನನಗೆ ಬಾರದ ಆಟಕ್ಕೆ. ಬರುವ ಒಂದೇ ಕೆಲಸಕ್ಕೆ ಅಂದೇ ಕೊನೆ. ಅಪ್ಪ, ಅದು ಹಾಗಲ್ಲ ಎಂದು ಶುರು ಮಾಡಿದೆ. ಆದರೆ ಅಷ್ಟು ಸಂತೋಷವಾಗಿ ಕೂತ ಅಪ್ಪನಿಗೆ ನೀನು ನೋಡಿದ್ದು ಸುಳ್ಳು ಎಂದು ಹೇಗೆ ಹೇಳುವುದು?

ಕುರುಗೋಡು ಬಂತು. ಎರ್ರಿಸ್ವಾಮಿ ಇಳಿಯಲು ಹಿಂದಿನ ಸೀಟಿನಿಂದ ಎದ್ದು ಬಂದು ನಮ್ಮ ಪಕ್ಕ ನಿಂತ. ಅವನಿಗೆ ಎಲ್ಲ ಕೇಳಿಸಿತ್ತು.

"ಸರ್, ಒಂದು ಮಾತು. ಅವ ಹೊಡಿಲಿಲ್ರಿ. ಚೆಂಡು ಅವನ ಬ್ಯಾಟಿಗಿ ಬಡದಾ ಇಲ್ಲ. ನಾ ಬಿಟ್ಟೆ" ಎಂದ. ಇಡೀ ಬಸ್ಸಿಗೆ ಕೇಳುವಷ್ಟು ಗಟ್ಟಿಯಾಗಿಯೇ ಎಂದ.

ಅಪ್ಪ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾದ್ರ ಇವ ಮಾಡಿದ್ದೇನು?" ಎಂದ ಅಪ್ಪ.

"ಪಂಪಣ್ಣ ಇವನ್ನ ಸಿರುಗುಪ್ಪದವ್ರಿಗಿ ಕೊಟ್ಟಿದ್ದ. ಬೆಳಿಗ್ಗಿ ನನ್ನ ಔಟ್ ಮಾಡಿದ್ದು ಇವನಾ ರಿ. ನಾ ಇನ್ನೊಂದು ತಾಸು ನಿಂತಿದ್ರ ಸಿರುಗುಪ್ಪದವ್ರು ಇನ್ನಾ ಚೆಂಡು ಹುಡುಕ್ತಾ ಇರತಿದ್ರು. ಆ ಚೆಂಡು ನಮ್ಮ ಜಿಲ್ಲಾದಾಗ ಬ್ಯಾರೆ ಯಾರಿಗೂ ಹಿಡಿಯಾಕ ಆಗತಿರಲಿಲ್ಲ. ಅವ ಹಿಡದ, ನಾ ಬಿಟ್ಟೆ. ಮ್ಯಾಚಂದ್ರ ಅಷ್ಟಾ ರಿ ಸರ್. ಬರ್ತೀನ್ರಿ."

ಅಷ್ಟು ಹೇಳಿ ಇಳಿದು ಹೋದ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅವನ ಜೊತೆಗೇ ಇಳಿಯಿತು. ಬಸ್ಸು ಹೊರಟಿತು. ಅಪ್ಪ ನನ್ನ ಬಲಗೈ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಎರಡು ಊದಿದ್ದವು. ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡುತ್ತಿದ್ದನೆಂದು ಕಾಣುತ್ತದೆ. ಆಮೇಲೆ ಮುಂದಿನ ಸೀಟಿನ ಕಡೆ ಬಗ್ಗಿ, ಕ್ಲಾಸಿನ ಧ್ವನಿಯಲ್ಲಿ ಕರೆದ.

"ಏ ಪಂಪಾಪತಿ."

ಪಂಪಾಪತಿ ಓಡುವ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದುಕೊಂಡು ಎದ್ದು ನಿಂತ. "ಸರ್."

"ನಮ್ಮ ಹುಡುಗನ್ನ ಇನ್ನೊಮ್ಮೆ ಮಂದಿಗೆ ಕೊಡಬ್ಯಾಡ."